ಸಿಡುಬು ಕಲಿಸಿದ ಲೆಕ್ಕ

ಕಾಯಿಲೆಗೆ ಎರಡು ವೆಚ್ಚಗಳುಂಟು: ಔಷಧಕ್ಕೆ ತೆರುವ ಹಣ ಒಂದು, ದುಡಿಯುವವನು ಹಾಸಿಗೆ ಹಿಡಿದಾಗ ತಪ್ಪುವ ಕೂಲಿ ಇನ್ನೊಂದು. ಇವೆರಡನ್ನೂ ಒಮ್ಮೆಗೇ ಉಳಿಸುವ ಉಪಾಯವೆಂದರೆ ರೋಗವು ಬಾರದಂತೆ ತಡೆಯುವುದು. ಸಿಡುಬಿನ ನಿರ್ಮೂಲನೆ ಇದಕ್ಕೆ ಶ್ರೇಷ್ಠ ನಿದರ್ಶನ.

1967ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತೀವ್ರ ಕಾರ್ಯಕ್ರಮವೊಂದನ್ನು ಕೈಗೊಂಡಿತು. ಕಾರ್ಯಕರ್ತರು ರೋಗಿಯಿದ್ದ ಮನೆಯನ್ನು ಹುಡುಕಿ, ಸುತ್ತಲಿನವರಿಗೆಲ್ಲ ಲಸಿಕೆ ಹಾಕಿದರು. ಭಾರತದಲ್ಲಿ ಸಿಡುಬು 1975ರಲ್ಲಿ ಅಳಿಯಿತು. 1980ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತೆಂದು ಸಂಸ್ಥೆಯು ಸಾರಿತು. ಇದಕ್ಕೆ ತಗುಲಿದ ವೆಚ್ಚ ಸುಮಾರು 30 ಕೋಟಿ ಡಾಲರು. ಅದರಿಂದ ಜಗತ್ತಿಗೆ ಪ್ರತಿವರ್ಷವೂ ಆಗುವ ಉಳಿತಾಯ 100 ಕೋಟಿ ಡಾಲರಿಗೂ ಹೆಚ್ಚೆಂದು ಅಂದಾಜು.

ಗುಡಿಸಲಿನ ಮಗುವಿಗೆ ಹಾಕಿದ ಲಸಿಕೆ ಪಕ್ಕದ ಉಪ್ಪರಿಗೆ ಮನೆಯ ಬಾಗಿಲನ್ನೂ ಕಾಯುತ್ತದೆ. ಆದುದರಿಂದಲೇ ಅದರ ವೆಚ್ಚವನ್ನು ಸಮಾಜವೆಲ್ಲ ಕೂಡಿ ಹೊರುವುದು ನ್ಯಾಯ. ಅದರಲ್ಲಿಯೇ ಲಾಭವೂ ಇದೆ.