ಪಾಳಿ ನೀರಿಗೊಂದು ಲಾಗ್ ಫೈಲ್

ಬಾವಿ ಒಂದು, ಪಾಲುದಾರರು ಮೂವರು. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಕಬ್ಬಿನ ಹೊಲಗಳಲ್ಲಿ ಇದೇನು ಹೊಸದಲ್ಲ. ಆದರೆ ತ್ರೀಫೇಸ್ ಕರೆಂಟ್ ದಿನವಿಡೀ ಇರುವುದಿಲ್ಲ, ಎಷ್ಟೋ ಸಲ ಬರುವುದೇ ರಾತ್ರಿ. ಹಾಗಾಗಿ ನೀರಿನ ಪಾಳಿ ದಿನದ ಲೆಕ್ಕದಲ್ಲಿ ಉಳಿಯದೆ ತಾಸಿನ ಲೆಕ್ಕಕ್ಕೆ ಇಳಿಯುತ್ತದೆ. ರಾತ್ರಿ ಎರಡಕ್ಕೆ ಹೋದ ಕರೆಂಟ್ ಮೂರಕ್ಕೆ ಬಂತೋ, ನಾಲ್ಕಕ್ಕೋ? ನೋಡಿದವರು ಯಾರು? ಅಣ್ಣ-ತಮ್ಮಂದಿರ ಮನೆಗಳ ನಡುವೆ ಮಾತು ನಿಲ್ಲುವುದು ಇಂಥ ಒಂದು ತಾಸಿಗೇ. ನಮ್ಮಲ್ಲೂ ಎರಡು ತಿಂಗಳು ನಿಂತಿತ್ತು.

ಲಿನಕ್ಸ್ ಲ್ಯಾಬ್‌ನಲ್ಲಿ ‘ಡೇಟ್’ ಕಮಾಂಡ್ ಅರ್ಧ ನಿಮಿಷದ ಪಾಠ. ಟೈಪ್ ಮಾಡಿದರೆ ದಿನಾಂಕ, ವೇಳೆ ತೋರಿಸುತ್ತದೆ, ಅಷ್ಟೇ. ಅದರ ಮುಂದೆ >> ಎಂದು ಎರಡು ಬಾಣ ಹಾಕಿ ಫೈಲಿನ ಹೆಸರು ಕೊಟ್ಟರೆ ಆ ವೇಳೆ ಫೈಲಿನ ಕೊನೆಗೆ ಹೊಸ ಸಾಲಾಗಿ ಸೇರುತ್ತದೆ. ಒಂದೇ ಬಾಣ ಹಾಕಿದರೆ ಹಳೆಯದೆಲ್ಲ ಅಳಿಸಿಹೋಗಿ ಹೊಸ ಸಾಲೊಂದೇ ಉಳಿಯುತ್ತದೆ. ಲೆಕ್ಕದ ವಹಿಗೆ ಎರಡು ಬಾಣವೇ ಬೇಕು.

ಮನೆಯಲ್ಲಿ ಸ್ಕ್ರೀನ್ ಒಡೆದ ಹಳೆಯ ಆಂಡ್ರಾಯ್ಡ್ ಫೋನ್ ಬಿದ್ದಿತ್ತು. ಅದಕ್ಕೆ ಟರ್ಮಕ್ಸ್ ಆ್ಯಪ್ ಹಾಕಿದೆ. ಫೋನ್ ಒಳಗೇ ಲಿನಕ್ಸ್ ಕಮಾಂಡ್ ಓಡಿಸಲು ಇದು ಸಾಕು. ಮೋಟಾರು ಓಡುವಾಗ ಮಾತ್ರ ಚಾರ್ಜರ್‌ಗೆ ಕರೆಂಟ್ ಸಿಗುವಂತೆ ಊರಿನ ಎಲೆಕ್ಟ್ರಿಷಿಯನ್ ಕಾಕಾ ಸ್ಟಾರ್ಟರ್ ಡಬ್ಬಿಯಿಂದ ವೈರ್ ಎಳೆದುಕೊಟ್ಟರು. (ಈ ಕೆಲಸಕ್ಕೆ ನೀವೇ ಕೈ ಹಾಕಬೇಡಿ.) ಸ್ಕ್ರಿಪ್ಟ್ ಹತ್ತು ಸಾಲಿನದು: ನಿಮಿಷಕ್ಕೊಮ್ಮೆ ಫೋನ್ ಚಾರ್ಜ್ ಆಗುತ್ತಿದೆಯೇ ನೋಡು, ಹಿಂದಿನ ಸ್ಥಿತಿ ಬದಲಾಗಿದ್ದರೆ ಮಾತ್ರ ವೇಳೆಯ ಜೊತೆ ‘ಬಂತು’ ಇಲ್ಲವೇ ‘ಹೋಯ್ತು’ ಎಂದು ಬರೆ. ನಿಮಿಷಕ್ಕೊಂದು ಸಾಲು ಬರೆಸಿದರೆ ದಿನಕ್ಕೆ 1,440 ಸಾಲಾಗುತ್ತವೆ. ಯಾರೂ ಓದುವುದಿಲ್ಲ.

ಕಷ್ಟವಿದ್ದದ್ದು ಕೂಡಿ-ಕಳೆಯುವುದರಲ್ಲಿ. ರಾತ್ರಿ 11:40ಕ್ಕೆ ಬಂದು ಬೆಳಗಿನ 3:10ಕ್ಕೆ ಹೋದರೆ ನಡುವೆ ತಾರೀಖೇ ಬದಲಾಗಿರುತ್ತದೆ. ಇದಕ್ಕೆ ಯುನಿಕ್ಸ್ ಮಾಡಿದವರು ಒಳ್ಳೆಯ ಉಪಾಯ ಇಟ್ಟಿದ್ದಾರೆ. 1970ರ ಜನವರಿ 1ರಿಂದ ಎಷ್ಟು ಸೆಕೆಂಡ್ ಕಳೆಯಿತು ಎಂದು ಡೇಟ್ ಕಮಾಂಡೇ ಹೇಳಬಲ್ಲದು. ಆ ಎಣಿಕೆ ಶುರುವಾದಾಗ ನಮ್ಮ ಗಡಿಯಾರದಲ್ಲಿ ಬೆಳಗಿನ 5:30. ಎರಡು ಸಂಖ್ಯೆ ಕಳೆದರೆ 12,600 ಸೆಕೆಂಡ್, 3,600ರಿಂದ ಭಾಗಿಸಿದರೆ ಮೂರೂವರೆ ತಾಸು. ನಡುರಾತ್ರಿಯ ಗೋಜೇ ಇಲ್ಲ. ಆದರೆ ಈ ಸೆಕೆಂಡುಗಳನ್ನು 32 ಬಿಟ್‌ನಲ್ಲಿ ಇಟ್ಟುಕೊಳ್ಳುವ ಹಳೆಯ ಯಂತ್ರಗಳ ಎಣಿಕೆ 2038ರ ಜನವರಿ 19ರ ಬೆಳಿಗ್ಗೆ 8:44ಕ್ಕೆ ಮುಗಿಯುತ್ತದೆ. ಆಗ ನಮಗೆಲ್ಲ ಮೂವತ್ತು ದಾಟಿರುತ್ತದೆ, ಅವನ್ನು ರಿಪೇರಿ ಮಾಡುವ ಕೆಲಸವಾದರೂ ಸಿಕ್ಕೀತು!

ಓದುವವರಿಗೆಂದು ಪ್ರತಿ ಸಾಲಿನ ಮೊದಲು ವರ್ಷ, ಆಮೇಲೆ ತಿಂಗಳು, ದಿನ ಬರುವಂತೆ ಮಾಡಿದೆ. 2025-07-14 ಎಂಬ ಈ ಕ್ರಮದಲ್ಲಿದ್ದರೆ ಫೈಲುಗಳನ್ನು ಹೆಸರಿನ ಪ್ರಕಾರ ಜೋಡಿಸಿದರೂ ದಿನಾಂಕದ ಪ್ರಕಾರವೇ ನಿಲ್ಲುತ್ತವೆ.

ವೇಳೆ ಇಲ್ಲದ ಸುದ್ದಿ ಏನು ಮಾಡುತ್ತದೆ ಎಂಬುದು ನದಿ ದಂಡೆಯವರಿಗೆ ಗೊತ್ತು. ಮಳೆಗಾಲ ಬಂತೆಂದರೆ ಕಲ್ಲೋಳ-ಯಡೂರ ಬ್ಯಾರೇಜು ಮುಳುಗಿದ ವಿಡಿಯೊ ಮೊಬೈಲ್‌ಗಳಲ್ಲಿ ಓಡಾಡುತ್ತದೆ. ಅದು ಇವತ್ತಿನದೋ, 2019ರ ಆಗಸ್ಟ್ ಮಹಾಪೂರದ್ದೋ ಹೇಳುವವರಿಲ್ಲ. ಸುಳ್ಳೆಂದು ನೀರಿಗೆ ಇಳಿದರೂ ಕಷ್ಟ, ಖರೇ ಅಂತ ದನಕರು ಕಟ್ಟಿಕೊಂಡು ಊರು ಬಿಟ್ಟರೂ ಕಷ್ಟ.

ಮೊದಲ ವಾರದ ಲೆಕ್ಕ ತೋರಿಸಿದಾಗ ದೊಡ್ಡಪ್ಪ ಕೇಳಿದ್ದು ಒಂದೇ ಪ್ರಶ್ನೆ: “ಬರದಾಂವಾ ನೀನ, ತಿದ್ದಾಂವಾನೂ ನೀನ ಆಗಬಹುದಲ್ಲೋ ತಮ್ಮಾ?” ಲ್ಯಾಬ್‌ನಲ್ಲಿ ಯಾರೂ ಇಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ. ಟೆಕ್ಸ್ಟ್ ಫೈಲನ್ನು ಯಾರು ಬೇಕಾದರೂ ತಿದ್ದಬಹುದು. ಅದಕ್ಕೇ ಈಗ ದಿನಾ ಬೆಳಿಗ್ಗೆ ಆರಕ್ಕೆ ಹಿಂದಿನ ರಾತ್ರಿಯ ಸಾಲುಗಳನ್ನು ಮೂರೂ ಮನೆಯವರಿರುವ ವಾಟ್ಸ್ಆ್ಯಪ್ ಗುಂಪಿಗೆ ಕಳಿಸುತ್ತೇವೆ. ಅಲ್ಲಿ ಹೋದ ಮೇಲೆ ಎಲ್ಲರ ಫೋನಿನಲ್ಲೂ ಒಂದೊಂದು ಪ್ರತಿ. ದೊಡ್ಡಪ್ಪ ಮಾತ್ರ ಪಂಪ್‌ಹೌಸ್ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯುವುದನ್ನು ಬಿಟ್ಟಿಲ್ಲ. ವಾರಕ್ಕೊಮ್ಮೆ ಗೆರೆಗಳನ್ನೂ ಫೈಲನ್ನೂ ತಾಳೆ ನೋಡುತ್ತಾರೆ.