ಗಾಯಗೊಂಡ ಆಟಗಾರನ ಬೆಲೆ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು ಎಂಬುದು ಹಿರಿಯರ ಮಾತು. ಒಂದೇ ಮಡಕೆಯಲ್ಲಿ, ಒಂದೇ ಉರಿಯಲ್ಲಿ ಬೆಂದ ಅನ್ನಕ್ಕೆ ಈ ಮಾತು ಸಲ್ಲುತ್ತದೆ. ಆದರೆ ಮನುಷ್ಯನ ಒಂದು ವರ್ಷವನ್ನು ಮಾತ್ರ ಹಿಸುಕಿ ನೋಡಿ ಅವನ ಯೋಗ್ಯತೆಯನ್ನು ನಿರ್ಧರಿಸಬಹುದೇ? ಅದರಲ್ಲಿಯೂ ಆ ವರ್ಷ ಅವನು ಗಾಯಗೊಂಡು ಅರ್ಧ ಕಾಲ ಹೊರಗೆ ಕುಳಿತಿದ್ದರೆ? ಈ ಪ್ರಶ್ನೆ ನನಗೆ ಎದುರಾದದ್ದು ದೂರದ ಅಮೆರಿಕದ ಒಂದು ಆಟದ ಮೂಲಕ. ಅದನ್ನು ನನ್ನ ಅಲ್ಪಮತಿಗೆ ತಿಳಿದಂತೆ ಗುರುಗಳ ಹಾಗೂ ಗೆಳೆಯರ ಮುಂದೆ ಇಡುತ್ತಿದ್ದೇನೆ.

ಅಮೆರಿಕದಲ್ಲಿ ಕೆಲಸದಲ್ಲಿರುವ ನಮ್ಮೂರಿನ ಅಣ್ಣನೊಬ್ಬ ಊರಹಬ್ಬಕ್ಕೆ ಬಂದಿದ್ದಾಗ, ನಮ್ಮ ಮನೆಯ ಜಗಲಿಯ ಮೇಲೆ ಕುಳಿತು ಈ ಆಟವನ್ನು ವಿವರಿಸಿದ. ಹಿಂದಿನ ವರ್ಷ ಗಾಯಗೊಂಡ ಆಟಗಾರನನ್ನು ಆರಿಸಿಕೊಳ್ಳುವುದೋ ಬಿಡುವುದೋ ಎಂಬುದೇ ಅಲ್ಲಿ ಪ್ರತಿವರ್ಷದ ಜಿಜ್ಞಾಸೆಯಂತೆ. ನಮ್ಮ ತಂದೆಯವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ; ಆದರೆ ದನಗಳ ಜಾತ್ರೆಯಲ್ಲಿ ಎತ್ತಿಗೆ ಬೆಲೆ ಕಟ್ಟುವುದರಲ್ಲಿ ಊರಿಗೆಲ್ಲ ಹೆಸರಾದವರು. ಎಲ್ಲವನ್ನೂ ಕೇಳಿಸಿಕೊಂಡು ಅವರು ಹೇಳಿದ್ದು ಇಷ್ಟೇ: "ಎಷ್ಟ್ ದಿನ ಕುಂಟ್ತು ಅಂತ ಕೇಳಿದ್ರೆ ಏನ್ ಬಂತು? ಯಾವ ಕಾಲು, ಯಾಕೆ ಕುಂಟ್ತು, ಎಷ್ಟು ಹಲ್ಲಾಗದೆ, ಜೊತೆ ಎತ್ತು ಯಾವ್ದು, ಅದನ್ನ ಕೇಳ್ರಪ್ಪಾ." ಮುಂದೆ ನಾನು ಓದಿ ತಿಳಿದುಕೊಂಡದ್ದೆಲ್ಲವೂ ಈ ಮಾತಿನ ವ್ಯಾಖ್ಯಾನವೆಂದರೆ ತಪ್ಪಾಗಲಾರದು.

ಮೊದಲು ಆಟದ ಪರಿಚಯ. ಅಮೆರಿಕದ ಫುಟ್‌ಬಾಲ್ ನಾವು ಕಾಲಿನಿಂದ ಆಡುವ ಫುಟ್‌ಬಾಲ್ ಅಲ್ಲ. ಕಡೆಗೆ 11 ಜನರಂತೆ ನಿಂತು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ನಾಲ್ಕು ಪ್ರಯತ್ನಗಳಲ್ಲಿ 10 ಗಜದಂತೆ ಎದುರಾಳಿಯ ನೆಲವನ್ನು ಗೆಲ್ಲುತ್ತ ಹೋಗಬೇಕು. ಚೆಂಡನ್ನು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಮೈದಾನದ ಅಂಚಿನಿಂದ ಬಾಣದಂತೆ ಓಡಿ ಅದನ್ನು ಹಿಡಿಯುವವನು ವೈಡ್ ರಿಸೀವರ್. ಕೊನೆಯ ಗೆರೆ ದಾಟಿದರೆ ಟಚ್‌ಡೌನ್. 2021ರಿಂದ ಪ್ರತಿ ತಂಡವೂ ವರ್ಷಕ್ಕೆ 17 ಲೀಗ್ ಪಂದ್ಯಗಳನ್ನು ಆಡುತ್ತದೆ.

ಫ್ಯಾಂಟಸಿ ಫುಟ್‌ಬಾಲ್ ಎಂಬುದು ಈ ಆಟದ ನೆರಳು. ಹತ್ತು ಹನ್ನೆರಡು ಗೆಳೆಯರು ಸೇರಿ, ಸರದಿಯಂತೆ ನಿಜವಾದ ಆಟಗಾರರನ್ನು ಆರಿಸಿ ಕಾಗದದ ಮೇಲೆ ತಂಡ ಕಟ್ಟುತ್ತಾರೆ. ಆ ಆಟಗಾರನು ಮೈದಾನದಲ್ಲಿ ಗಳಿಸಿದ್ದು ಇವರ ಖಾತೆಗೆ ಸೇರುತ್ತದೆ. ಬಹಳ ಕಡೆ ರೂಢಿಯಲ್ಲಿರುವ ಒಂದು ಲೆಕ್ಕದಂತೆ, ಹಿಡಿದ ಒಂದೊಂದು ಚೆಂಡಿಗೆ 1 ಅಂಕ, ಪ್ರತಿ 10 ಗಜಕ್ಕೆ 1 ಅಂಕ, ಟಚ್‌ಡೌನಿಗೆ 6 ಅಂಕ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಮ್ಮ ಸಂಸತ್ತು 2025ರಲ್ಲಿ ಕಾನೂನಿನಿಂದ ನಿಷೇಧಿಸಿದೆ. ನಾನು ಹೇಳುತ್ತಿರುವುದು ಹಣದ ಮಾತಲ್ಲ, ಲೆಕ್ಕದ ಮತ್ತು ವಿವೇಕದ ಮಾತು.

ಈಗ ಒಂದು ನಿಜವಾದ ಉದಾಹರಣೆಯನ್ನು ತೆಗೆದುಕೊಳ್ಳೋಣ. ಮಿನ್ನೆಸೋಟ ವೈಕಿಂಗ್ಸ್ ತಂಡದ ಜಸ್ಟಿನ್ ಜೆಫರ್‌ಸನ್ 2022ರಲ್ಲಿ 17 ಪಂದ್ಯಗಳಲ್ಲಿ 128 ಚೆಂಡು ಹಿಡಿದು, 1,809 ಗಜ ಗಳಿಸಿ, 8 ಟಚ್‌ಡೌನ್ ಮಾಡಿದನು. ಬಿಡಿ ಅಂಕಗಳನ್ನು ಬಿಟ್ಟು, ಹಿಡಿತದ ಲೆಕ್ಕವನ್ನಷ್ಟೇ ಹಾಕಿದರೆ 356.9 ಅಂಕ, ಪಂದ್ಯಕ್ಕೆ ಸರಾಸರಿ 21. ಮರುವರ್ಷ ಅಕ್ಟೋಬರಿನಲ್ಲಿ ತೊಡೆಯ ಹಿಂಭಾಗದ ಸ್ನಾಯು ನೊಂದು ಏಳು ಪಂದ್ಯಗಳನ್ನು ಕಳೆದುಕೊಂಡನು. ಒಟ್ಟು 10 ಪಂದ್ಯ, 68 ಹಿಡಿತ, 1,074 ಗಜ, 5 ಟಚ್‌ಡೌನ್, ಅಂಕ 205.4. ಮೊತ್ತವನ್ನು ಮಾತ್ರ ನೋಡಿದವನು "ಇವನ ಕಾಲ ಮುಗಿಯಿತು" ಎಂದಾನು. ಆದರೆ 10ರಿಂದ ಭಾಗಿಸಿದರೆ ಸರಾಸರಿ 20.5! ಕಡಿಮೆಯಾದದ್ದು ಆಡಿದ ದಿನಗಳೇ ಹೊರತು ಆಟವಲ್ಲ.

ಇನ್ನೂ ಸೂಕ್ಷ್ಮವಾಗಿ ನೋಡಿದರೆ, ಆ ಹತ್ತರಲ್ಲಿ ಎರಡು ಪಂದ್ಯಗಳಲ್ಲಿ ಅವನು ನಡುವೆಯೇ ಹೊರಬಿದ್ದಿದ್ದನು. ಒಂದರಲ್ಲಿ ಸ್ನಾಯುವಿನ ನೋವು, ಇನ್ನೊಂದರಲ್ಲಿ ಎದೆಗೆ ಪೆಟ್ಟು. ಅವೆರಡನ್ನು ತೆಗೆದರೆ ಉಳಿದ ಎಂಟರ ಸರಾಸರಿ 24.4. ಇಲ್ಲಿಯೇ ಜಾಗ್ರತೆ ಬೇಕು. ಕೆಟ್ಟ ದಿನಗಳನ್ನೆಲ್ಲ ಕಳೆದು ಒಳ್ಳೆಯ ದಿನಗಳನ್ನಷ್ಟೇ ಕೂಡುವ ಗಣಿತ ನಮ್ಮ ಆಸೆಯ ಗಣಿತ. 2024ರಲ್ಲಿ ಅವನು 17 ಪಂದ್ಯಗಳನ್ನೂ ಆಡಿ 103 ಹಿಡಿತ, 1,533 ಗಜ, 10 ಟಚ್‌ಡೌನ್ ಗಳಿಸಿದಾಗ ಸರಾಸರಿ ಬಂದದ್ದು 18.6. ಮೊತ್ತ ಹೆದರಿಸಿದಷ್ಟು ಕೆಡಲಿಲ್ಲ, ಎಂಟು ಪಂದ್ಯಗಳು ಆಸೆ ತೋರಿಸಿದಷ್ಟು ಏರಲೂ ಇಲ್ಲ. ಆದುದರಿಂದ ಒಂದು ವರ್ಷದ ಸರಾಸರಿಯನ್ನು ಹಿಂದಿನ ಎರಡು ಮೂರು ವರ್ಷಗಳ ಜೊತೆಗಿಟ್ಟು ತೂಗಬೇಕು.

ಹಾಗಾದರೆ ಸರಾಸರಿ ಚೆನ್ನಾಗಿದ್ದವರೆಲ್ಲ ಮರಳಿ ಏಳುತ್ತಾರೆಯೇ? ಇಲ್ಲ. ಲಾಸ್ ಏಂಜಲಿಸ್ ರ‍್ಯಾಮ್ಸ್ ತಂಡದ ಕೂಪರ್ ಕಪ್ 2021ರಲ್ಲಿ 145 ಹಿಡಿತ, 1,947 ಗಜ, 16 ಟಚ್‌ಡೌನ್ ಗಳಿಸಿ ಮೂರರಲ್ಲಿಯೂ ಲೀಗಿಗೇ ಮೊದಲಿಗನಾಗಿದ್ದನು. ಸರಾಸರಿ 25.6. ಮರುವರ್ಷ ಒಂಬತ್ತನೆಯ ಪಂದ್ಯದಲ್ಲಿ ಕಣಕಾಲು ಉಳುಕಿ ಶಸ್ತ್ರಚಿಕಿತ್ಸೆಯಾಯಿತು. ಆಗಲೂ ಸರಾಸರಿ 21.4 ಇತ್ತು, ಜೆಫರ್‌ಸನ್ನನ ಕಥೆಯಂತೆಯೇ ಕಾಣುತ್ತದೆ. ಆದರೆ 2023ರಲ್ಲಿ 12 ಪಂದ್ಯಗಳಿಂದ 13.6, 2024ರಲ್ಲಿ 12 ಪಂದ್ಯಗಳಿಂದ 14.5. 2025ರ ಮಾರ್ಚಿನಲ್ಲಿ ತಂಡವೇ ಅವನನ್ನು ಬಿಟ್ಟಿತು. ಅವನು ಸಿಯಾಟಲ್ ತಂಡವನ್ನು ಸೇರಿದನು.

ಈ ಇಬ್ಬರ ನಡುವಣ ಅಂತರವನ್ನು ತಂದೆಯವರ ಪ್ರಶ್ನೆಗಳೇ ಬಿಡಿಸುತ್ತವೆ. ಯಾವ ಕಾಲು? ಸ್ನಾಯುವಿನ ನೋವು ಸಾಮಾನ್ಯವಾಗಿ ವಾರಗಳಲ್ಲಿ ಮಾಗುತ್ತದೆ, ಆದರೆ ಮರುಕಳಿಸುವ ಸ್ವಭಾವದ್ದು. ಕೀಲಿನ ಕಟ್ಟುಗಳು ಹರಿದರೆ ತಿಂಗಳುಗಳೇ ಬೇಕು. ಓಡುತ್ತಲೇ ತಟ್ಟನೆ ತಿರುಗಬೇಕಾದವನಿಗೆ ಕಣಕಾಲೇ ಬಂಡವಾಳ. ಯಾಕೆ ಕುಂಟಿತು? ಒಮ್ಮೆ ಬಿದ್ದ ಪೆಟ್ಟು ಬೇರೆ, ಮೇಲಿಂದ ಮೇಲೆ ಬರುವ ನೋವು ಬೇರೆ. ಕಪ್‌ನ ಕಣಕಾಲು ಮಾಗುವ ಹೊತ್ತಿಗೆ 2023ರ ಆರಂಭಕ್ಕೆ ಮುನ್ನ ತೊಡೆಯ ಸ್ನಾಯು ಕೈಕೊಟ್ಟಿತು. ಮೊದಲ ನಾಲ್ಕು ಪಂದ್ಯಗಳು ಹೋದವು. ಎಷ್ಟು ಹಲ್ಲು? ಗಾಯದ ನಂತರದ ಋತುವಿಗೆ ಇಳಿಯುವಾಗ ಜೆಫರ್‌ಸನ್ನನಿಗೆ 25, ಕಪ್‌ಗೆ 30. ಈ ಆಟದಲ್ಲಿ ಮೂವತ್ತು ಎಂದರೆ ಬಾಯಿಗೂಡಿದ ಎತ್ತು.

ಜೊತೆ ಎತ್ತಿನ ಪ್ರಶ್ನೆಯೇ ಎಲ್ಲರೂ ಮರೆಯುವಂಥದು. ರ‍್ಯಾಮ್ಸ್ ತಂಡಕ್ಕೆ 2023ರಲ್ಲಿ ಪೂಕಾ ನಕುವಾ ಎಂಬ ಹೊಸಬ ಬಂದು ಮೊದಲ ವರ್ಷವೇ 105 ಚೆಂಡು ಹಿಡಿದು 1,486 ಗಜ ಗಳಿಸಿದನು. ಕಪ್ ಇಲ್ಲದಾಗ ತೆರವಾದ ಪಾಲು, ಅವನು ಬಂದ ಮೇಲೆ ಪೂರ್ತಿ ಮರಳಲಿಲ್ಲ. ಮಿನ್ನೆಸೋಟದಲ್ಲಿಯಾದರೋ ಚೆಂಡು ಎಸೆಯುವವರೇ ಬದಲಾದರು. ಕರ್ಕ್ ಕಸಿನ್ಸ್ 2023ರಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿದು ಕುಳಿತನು. 2024ರಲ್ಲಿ ಸ್ಯಾಮ್ ಡಾರ್ನಲ್ಡ್ ಬಂದನು. ಆದರೂ ಜೆಫರ್‌ಸನ್ನನ ಪಾಲು ಕೈತಪ್ಪಲಿಲ್ಲ. ಹೀಗೆ ಆಟಗಾರನ ಕಾಲು ಗುಣವಾದರೂ ಅವನ ಸ್ಥಾನ ಗುಣವಾಯಿತೇ ಎಂಬುದನ್ನು ಬೇರೆಯಾಗಿಯೇ ವಿಚಾರಿಸಬೇಕು.

ಕೊನೆಗೆ ಬೆಲೆಯ ಮಾತು. ಗಾಯಾಳು ಆಡದ ವಾರ ಸೊನ್ನೆಯಲ್ಲ. ಆ ಜಾಗದಲ್ಲಿ ಬದಲಿ ಆಟಗಾರನಿರುತ್ತಾನೆ. ಹದಿನಾರು ಪಂದ್ಯಗಳ ಲೆಕ್ಕ ಹಿಡಿಯೋಣ. ಪಂದ್ಯಕ್ಕೆ 20ರಂತೆ ಹನ್ನೊಂದು ಪಂದ್ಯ ಆಡಿದವನಿಂದ 220, ಉಳಿದ ಐದರಲ್ಲಿ 9ರಂತೆ ಬದಲಿಯವನಿಂದ 45, ಒಟ್ಟು 265. ಪಂದ್ಯಕ್ಕೆ 16ರಂತೆ ಒಂದೂ ತಪ್ಪಿಸದೆ ಆಡಿದವನಿಂದ 256. ಐದು ಪಂದ್ಯ ತಪ್ಪಿಸಿಕೊಂಡವನೇ ಮೇಲು! ಆದರೆ ನಿರ್ಣಾಯಕ ಪಂದ್ಯಗಳು ನಡೆಯುವ ಡಿಸೆಂಬರಿನಲ್ಲಿಯೇ ಅವನು ಕುಳಿತರೆ ಈ ಲಾಭ ನೀರಿನಲ್ಲಿ ಹೋಮ. ಆದುದರಿಂದ ಭಯದಿಂದ ಜನ ಅವನನ್ನು ಕೆಳಗಿಳಿಸಿದ್ದರೆ ಕೊಳ್ಳಬಹುದು. ಗಾಯವೇ ಆಗದವನ ಬೆಲೆಗೆ ಕೊಳ್ಳಬಾರದು.

ಇಷ್ಟು ಬರೆಯುವಾಗ ನನಗೆ ನನ್ನದೇ ಅಂಕಪಟ್ಟಿ ನೆನಪಾಗುತ್ತಿತ್ತು. ಮೂರನೆಯ ಸೆಮಿಸ್ಟರಿನಲ್ಲಿ ಕಾಮಾಲೆಯಾಗಿ ಎರಡು ತಿಂಗಳು ಮಲಗಿದ್ದೆ. ಮುಂದೆ ವಿದ್ಯಾರ್ಥಿವೇತನದ ಅರ್ಜಿಯೊಂದರಲ್ಲಿ ಒಟ್ಟು ಶೇಕಡಾಂಶ ಬರೆಯಲು ಜಾಗವಿತ್ತು, ಕಾರಣ ಬರೆಯಲು ಇರಲಿಲ್ಲ. ವೇತನ ಬರಲಿಲ್ಲ. ಬಹಳ ದಿನ ಅದನ್ನು ಅನ್ಯಾಯವೆಂದೇ ಹೇಳಿಕೊಂಡು ತಿರುಗಿದೆ. ಆದರೆ ನಾಲ್ಕನೆಯ ಸೆಮಿಸ್ಟರಿನಲ್ಲಿಯೂ ಒಂದು ವಿಷಯದಲ್ಲಿ ಅಂಕ ಇಳಿದಿತ್ತು. ಆಗ ಮೈ ಗಟ್ಟಿಯಾಗಿಯೇ ಇತ್ತು, ಓದಿರಲಿಲ್ಲ ಅಷ್ಟೆ. ಮನೆಯಲ್ಲಿ ಅದನ್ನೂ ಕಾಮಾಲೆಯ ತಲೆಗೇ ಕಟ್ಟಿದ್ದೆ. ತಂದೆಯವರು ಏನೂ ಕೇಳಿರಲಿಲ್ಲ. ಆದರೆ ಜಗಲಿಯ ಮೇಲೆ ಅಂದು "ಯಾಕೆ ಕುಂಟ್ತು" ಎಂದು ಅವರು ಕೇಳಿದಾಗ ನಾನು ತಲೆ ತಗ್ಗಿಸಿದ್ದೆ.

ಮೊತ್ತವನ್ನು ಮಾತ್ರ ನೋಡಿ ಬೆಲೆ ಕಟ್ಟುವುದು ಅನ್ಯಾಯ. ಗಾಯವನ್ನು ಮುಂದಿಟ್ಟುಕೊಂಡು ಎಲ್ಲವನ್ನೂ ಮನ್ನಿಸುವುದು ಆತ್ಮವಂಚನೆ. ಇವೆರಡರ ನಡುವೆ ನಿಂತು, ತಾಳ್ಮೆಯಿಂದ ನಾಲ್ಕು ಪ್ರಶ್ನೆ ಕೇಳುವವನ ಕೈಯಲ್ಲಿ ತಕ್ಕಡಿ ಸರಿಯಾಗಿ ತೂಗುತ್ತದೆ ಎಂದು ನನ್ನ ನಂಬಿಕೆ.