ಹಿಮದ ಮರುಭೂಮಿಗೆ ಕ್ಯಾಮೆರಾ ಹೊತ್ತು ಹೊರಡುವ ಮುನ್ನ

2005ನೆಯ ಇಸವಿಯ ಜುಲೈ 26ರಂದು ಸಾಂತಾಕ್ರೂಜಿನ ಹವಾಮಾನ ಕೇಂದ್ರದಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ದಾಖಲಾಯಿತು. ಮೀಠಿ ನದಿ ಉಕ್ಕಿ ಕುರ್ಲಾದ ಚಾಳುಗಳೊಳಗೆ ನೀರು ನುಗ್ಗಿದ ಆ ಸಂಜೆಯನ್ನು ಕಂಡವರಾರೂ ಮರೆತಿರಲಾರರು. ಲಡಾಖಿನ ಲೇಹ ಪಟ್ಟಣದಲ್ಲಾದರೋ ಇಡೀ ವರ್ಷದಲ್ಲಿ ಬೀಳುವ ಮಳೆ ಹಿಮಗಳೆಲ್ಲ ಸೇರಿ ಸುಮಾರು 100 ಮಿಲಿಮೀಟರ್ ಮಾತ್ರ. ಮುಂಬಯಿಯ ಉಪನಗರದವರು ಒಂದು ಹಗಲು ರಾತ್ರಿಯಲ್ಲಿ ಕಂಡಷ್ಟು ನೀರನ್ನು ಕಾಣಲು ಲೇಹದವರು ಒಂಬತ್ತು ವರ್ಷ ಕಾಯಬೇಕು.

ಇಂಥ ಒಣ ನಾಡಿನತ್ತ ನಮ್ಮ ಮಹಾನಗರದ ಹವ್ಯಾಸಿ ಛಾಯಾಗ್ರಾಹಕರ ಮನಸ್ಸು ಹರಿಯುವುದು ಸಹಜವೇ. ಹೊಗೆ ಧೂಳುಗಳಿಲ್ಲದ ಆಕಾಶ, ಕತ್ತರಿಸಿಟ್ಟಂತೆ ಬೀಳುವ ನೆರಳು, ಮಾಗಿಯಲ್ಲಿ ಹೆಪ್ಪುಗಟ್ಟುವ ಪ್ಯಾಂಗಾಂಗ್ ಸರೋವರ, ಸ್ಪೀತಿಯ ಕಿಬ್ಬರ್ ಗ್ರಾಮದ ಬಂಡೆಗಳ ನಡುವೆ ಸುಳಿಯುವ ಹಿಮಚಿರತೆ ಇವೆಲ್ಲ ಚಳಿಗಾಲದಲ್ಲೇ ದೊರೆಯತಕ್ಕ ದೃಶ್ಯಗಳು. ಕನ್ನಡಿಗರಿಗೆ ಇನ್ನೂ ಒಂದು ಆಕರ್ಷಣೆಯುಂಟು. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದ ಗುಡ್ಡದ ಮೇಲೆ ಇರುವ ಎರಡು ಮೀಟರ್ ವ್ಯಾಸದ ದೂರದರ್ಶಕ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗೆ ಸೇರಿದ್ದು. 2000ದಲ್ಲಿ ಮೊದಲ ಬಾರಿಗೆ ನಕ್ಷತ್ರಗಳ ಬೆಳಕನ್ನು ಕಂಡ ಆ ಯಂತ್ರವನ್ನು ಹೊಸಕೋಟೆಯ ಕೇಂದ್ರದಲ್ಲಿ ಕುಳಿತೇ ಉಪಗ್ರಹದ ಮೂಲಕ ನಡೆಸುತ್ತಾರೆ. ನಕ್ಷತ್ರಗಳ ಚಿತ್ರ ತೆಗೆಯುವ ನಮ್ಮವರಿಗೆ ಹೊಸಕೋಟೆಯಿಂದ ಆ ಕೆಲಸ ಸಾಗದು. ಹಾನ್ಲೆಗೇ ಹೋಗಬೇಕು.

ನೆಹರೂ ನಗರದ ಒಬ್ಬ ನೌಕರನ ಯೋಜನೆಯನ್ನು ಊಹಿಸಿಕೊಳ್ಳಬಹುದು. ವಯಸ್ಸು ಐವತ್ತರ ಸಮೀಪ, ರಜೆ ಏಳು ದಿನ. ಮೊದಲನೆಯ ದಿನ ಬೆಳಿಗ್ಗೆ ವಿಮಾನದಲ್ಲಿ ಲೇಹ, ಅಂದೇ ಮಧ್ಯಾಹ್ನ ಶಾಂತಿ ಸ್ತೂಪದ ಮೆಟ್ಟಿಲು. ಎರಡನೆಯ ದಿನ ಚಾಂಗ್ ಲಾ ಘಾಟಿಯನ್ನು ದಾಟಿ ಪ್ಯಾಂಗಾಂಗ್. ಮೂರನೆಯ ದಿನ ಚುಶೂಲಿನ ಮಾರ್ಗವಾಗಿ ಹಾನ್ಲೆ. ಸೆಂಟ್ರಲ್ ಹಾಗೂ ಹಾರ್ಬರ್ ಮಾರ್ಗಗಳು ಕೂಡುವ ಕುರ್ಲಾ ನಿಲ್ದಾಣದಲ್ಲಿ ಎರಡೇ ನಿಮಿಷದಲ್ಲಿ ಗಾಡಿ ಬದಲಿಸಿ ಅಭ್ಯಾಸವಾದವನಿಗೆ ಇದು ಅವಸರವೆಂದು ತೋರದು. ಮೇಲಾಗಿ ಅವನು ಪ್ರತಿ ಮಳೆಗಾಲವೂ ಸಹ್ಯಾದ್ರಿಯ ಕೋಟೆಗಳನ್ನು ಹತ್ತಿದವನು. ಆದರೆ ಈ ಕಾಗದದ ಮೇಲಿನ ಯೋಜನೆಯೇ ಮನುಷ್ಯನನ್ನು ಕೊಲ್ಲಬಲ್ಲದು.

ಮಹಾರಾಷ್ಟ್ರದ ಅತ್ಯುನ್ನತ ಶಿಖರವಾದ ಕಳಸೂಬಾಯಿ 1,646 ಮೀಟರ್. ಕರ್ನಾಟಕದ ಮುಳ್ಳಯ್ಯನಗಿರಿ ಸುಮಾರು 1,930. ಲೇಹದ ವಿಮಾನ ನಿಲ್ದಾಣವೇ 3,250 ಮೀಟರಿನ ಮೇಲಿದ್ದರೆ, ಪಟ್ಟಣ 3,500ರ ಆಸುಪಾಸಿನಲ್ಲಿದೆ. ಅಲ್ಲಿಯ ಗಾಳಿಯಲ್ಲೂ ಆಮ್ಲಜನಕದ ಪಾಲು ಮುಂಬಯಿಯಲ್ಲಿರುವಷ್ಟೇ, ಅಂದರೆ ನೂರಕ್ಕೆ ಇಪ್ಪತ್ತೊಂದು. ಕಡಮೆಯಾಗುವುದು ಗಾಳಿಯ ಒತ್ತಡ. ಲೇಹದಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕ ಸಮುದ್ರಮಟ್ಟದ ಮೂರನೆಯ ಎರಡು ಪಾಲಿನಷ್ಟು. ಚಾಂಗ್ ಲಾ ಘಾಟಿಯಲ್ಲಿ ಅರ್ಧದಷ್ಟು. ಈ ಕೊರತೆಗೆ ದೇಹ ತಾನಾಗಿಯೇ ಹೊಂದಿಕೊಳ್ಳುತ್ತದೆ. ಉಸಿರಾಟ ಹೆಚ್ಚುತ್ತದೆ, ಮೂತ್ರಪಿಂಡಗಳು ರಕ್ತದ ಕ್ಷಾರವನ್ನು ಸರಿದೂಗಿಸುತ್ತವೆ. ಆದರೆ ಇದಕ್ಕೆ ಬೇಕಾದುದು ದಿನಗಳು, ಗಂಟೆಗಳಲ್ಲ.

ಈ ಪಾಠವನ್ನು ನಮ್ಮ ದೇಶ ಬಹಳ ಬೆಲೆ ತೆತ್ತು ಕಲಿಯಿತು. 1962ರ ಯುದ್ಧದಲ್ಲಿ ಬಯಲುಸೀಮೆಯ ಸೈನಿಕರನ್ನು ಅವಸರದಿಂದ ಹಿಮಾಲಯದ ನೆತ್ತಿಗೆ ಸಾಗಿಸಬೇಕಾಯಿತು. ಅಲ್ಲಿ ಕಾಯಿಲೆ ಬಿದ್ದವರನ್ನು ಪರೀಕ್ಷಿಸಿದ ಸೇನಾವೈದ್ಯ ಇಂದರ್ ಸಿಂಗ್ ಮತ್ತು ಅವರ ಸಹೋದ್ಯೋಗಿಗಳು 1,925 ಸೈನಿಕರ ವಿವರಗಳನ್ನು 1969ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಪರ್ವತವ್ಯಾಧಿಯ ವಿಷಯದಲ್ಲಿ ಜಗತ್ತಿನ ವೈದ್ಯರು ಇಂದಿಗೂ ನೆನೆಯುವ ಬರೆಹ ಅದು. ಈಗ ಸೇನೆಯ ಪದ್ಧತಿಯೆಂದರೆ, 9,000ದಿಂದ 12,000 ಅಡಿಗಳವರೆಗಿನ ಎತ್ತರದಲ್ಲಿ ಆರು ದಿನ ಹೊಂದಿಕೆ. ಅಲ್ಲಿಂದ 15,000 ಅಡಿಗೆ ಹೋಗುವವರಿಗೆ ಮತ್ತೆ ನಾಲ್ಕು ದಿನ. ಅದಕ್ಕೂ ಮೇಲೆ ಮತ್ತೆ ನಾಲ್ಕು. ಮೊದಲ ಎರಡು ದಿನಗಳಂತೂ ಬರಿಯ ವಿಶ್ರಾಂತಿ. ಕಸರತ್ತಿನಿಂದ ಮೈ ಕಟ್ಟಿದ ಇಪ್ಪತ್ತೆರಡರ ಜವಾನನಿಗೆ ಆರು ದಿನ ಬೇಕಾದಲ್ಲಿ, ದಿನವೆಲ್ಲ ಮೇಜಿನ ಮುಂದೆ ಕುಳಿತ ಐವತ್ತರ ಗೃಹಸ್ಥ ತನಗೆ ತಾನೇ ಅರ್ಧ ದಿನ ಕೊಟ್ಟುಕೊಂಡಿದ್ದಾನೆ! ದೇಹದಾರ್ಢ್ಯ ಇಲ್ಲಿ ರಕ್ಷೆಯಲ್ಲ. ಗಟ್ಟಿಮುಟ್ಟಾದವನು ಬೇಗ ಬೇಗ ಹತ್ತುವುದರಿಂದ ಅವನಿಗೇ ಅಪಾಯ ಹೆಚ್ಚಾದರೂ ಆಶ್ಚರ್ಯವಿಲ್ಲ.

ಆದುದರಿಂದ ಯೋಜನೆಯ ಮೊದಲ ಕೆಲಸ ಕ್ಯಾಮೆರಾದ್ದಲ್ಲ, ಪಂಚಾಂಗದ್ದು. ಏಳು ದಿನ ಮಾತ್ರ ರಜೆಯಿದ್ದರೆ ಹಾನ್ಲೆಯನ್ನು ಬಿಟ್ಟುಬಿಡಬೇಕು. ಹನ್ನೆರಡು ದಿನ ದೊರೆತರೆ, ಮೊದಲ ಎರಡು ದಿನ ಲೇಹದ ಕೋಣೆಯಲ್ಲೇ ಇದ್ದು ಕಿಟಕಿಯಿಂದ ಕಾಣುವುದನ್ನಷ್ಟೇ ನೋಡಬೇಕು. ಮೂರನೆಯ ದಿನ ಸಿಂಧೂ ನದಿಯ ಹರಿವಿನ ದಿಕ್ಕಿನಲ್ಲಿ ಆಲ್ಚಿಯತ್ತ ಇಳಿಯುವುದು ಜಾಣತನ. ಆಲ್ಚಿ ಲೇಹಕ್ಕಿಂತ ತಗ್ಗಿನಲ್ಲಿದೆ; ಹೊಳೆಯ ಅಂಚಿನ ಮಂಜುಗಡ್ಡೆ, ಬರಿಗೊಂಬೆಗಳ ಮರಗಳು, ಹಳೆಯ ವಿಹಾರದ ಮರದ ಕೆತ್ತನೆ ಇವೆಲ್ಲ ಅಲ್ಲಿ ಸಿಗುತ್ತವೆ. ಒಳಗಿನ ಭಿತ್ತಿಚಿತ್ರಗಳನ್ನು ಮಾತ್ರ ಕ್ಯಾಮೆರಾದಲ್ಲಿ ಹಿಡಿಯಲು ಅಪ್ಪಣೆಯಿಲ್ಲ. ಮುಂದೆ 3,000 ಮೀಟರಿನ ಮೇಲೆ, ರಾತ್ರಿ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂಬುದೂ, ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ಏರದೆ ನಿಲ್ಲಬೇಕೆಂಬುದೂ ವೈದ್ಯರ ಮಾತು. ಹಗಲು ಎಷ್ಟು ಎತ್ತರಕ್ಕೆ ಹೋಗಿಬಂದಿರೆಂಬುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರೆಂಬುದು ಮುಖ್ಯ. ಹಾನ್ಲೆಯ ರಾತ್ರಿಗಳು ಅಮಾವಾಸ್ಯೆಯ ಸುತ್ತ ಬರುವಂತೆ ಎಣಿಸಿಕೊಳ್ಳಬೇಕು. ಪುಷ್ಯ ಮಾಘಗಳಲ್ಲಿ ಆಕಾಶಗಂಗೆಯ ಉಜ್ಜ್ವಲ ಭಾಗ ರಾತ್ರಿ ಕಾಣದು. ಮಹಾವ್ಯಾಧ, ಕೃತ್ತಿಕೆಗಳೇ ಆ ದಿನಗಳ ದೊರೆಗಳು.

ಅವಸರವಿಲ್ಲದವರಿಗೆ ಸ್ಪೀತಿಯ ದಾರಿ ದೇಹಕ್ಕೆ ಹೆಚ್ಚು ದಯೆಯುಳ್ಳದ್ದು. ಚಳಿಗಾಲದಲ್ಲಿ ಮನಾಲಿಯ ಕಡೆಯಿಂದ ಕುಂಜುಂ ಘಾಟಿ ಮುಚ್ಚಿರುತ್ತದೆ. ಆದರೆ ಶಿಮ್ಲಾದಿಂದ ಸಟ್ಲೆಜ್ ನದಿಗುಂಟ ಹೋಗುವ ರಸ್ತೆ, ಹಿಮ ಅಥವಾ ಗುಡ್ಡದ ಕುಸಿತ ತಡೆಯದ ದಿನಗಳಲ್ಲಿ, ತೆರೆದಿರುತ್ತದೆ. ರಾಮಪುರ ಸುಮಾರು 1,000 ಮೀಟರ್, ಕಲ್ಪಾ 2,900ರ ಹತ್ತಿರ, 996ರಲ್ಲಿ ಸ್ಥಾಪಿತವಾದ ವಿಹಾರದ ತಾಬೋ 3,280, ಕಾಜಾ 3,600ಕ್ಕೂ ಮೇಲೆ. ಕಲ್ಪಾದಲ್ಲಿ ಒಂದು ದಿನ ಹೆಚ್ಚು ತಂಗಿದರೆ ದಾರಿಯೇ ವೈದ್ಯನ ಕೆಲಸ ಮಾಡುತ್ತದೆ. ಅಲ್ಲಿ ಕೊಳವೆಯ ನೀರು ಹೆಪ್ಪುಗಟ್ಟುವುದರಿಂದ ಒಣ ಶೌಚಾಲಯವೇ ಗತಿ. ರಾತ್ರಿ ಹೊರಗೆ ಹೋಗುವ ಭಯಕ್ಕೆ ನೀರು ಕುಡಿಯುವುದನ್ನೇ ಬಿಡುವವರುಂಟು. ಒಣಗಾಳಿಯಲ್ಲಿ ಉಸಿರಿನೊಡನೆಯೇ ದೇಹದ ನೀರು ಹೋಗುತ್ತಿರುವಾಗ ಇದು ದೊಡ್ಡ ತಪ್ಪು.

ಇನ್ನು ಲಕ್ಷಣಗಳು. ತಲೆನೋವು, ಊಟ ಸೇರದಿರುವುದು, ವಾಕರಿಕೆ, ತಲೆಸುತ್ತು, ಅತಿಯಾದ ಆಯಾಸ ಇವು ಪರ್ವತವ್ಯಾಧಿಯ ಆರಂಭ. ಈ ಸ್ಥಿತಿಯಲ್ಲಿ ಇನ್ನೂ ಮೇಲೆ ಏರಕೂಡದು; ಇದ್ದಲ್ಲೇ ನಿಂತರೆ ಬಹುಮಟ್ಟಿಗೆ ಒಂದೆರಡು ದಿನಗಳಲ್ಲಿ ವಾಸಿಯಾಗುತ್ತದೆ. ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು, ನೊರೆಯಂಥ ಕೆಂಪು ಕಫ ಕಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆಯೆಂದು ತಿಳಿಯಬೇಕು. ಇದು ಸಾಮಾನ್ಯವಾಗಿ ಎರಡನೆಯ ರಾತ್ರಿಯಿಂದ ನಾಲ್ಕನೆಯ ರಾತ್ರಿಯೊಳಗೆ ಬರುತ್ತದೆ. ಮಾತು ತೊದಲಿದರೆ, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲಾಗದಿದ್ದರೆ ಮೆದುಳು ಊದಿಕೊಳ್ಳುತ್ತಿದೆ. ಈ ಎರಡಕ್ಕೂ ತಕ್ಷಣ ಕೆಳಗಿಳಿಯುವುದು ಮತ್ತು ಆಮ್ಲಜನಕ, ಇವೇ ಚಿಕಿತ್ಸೆ, ಬೆಳಗಾಗಲೆಂದು ಕಾಯುವಂತಿಲ್ಲ. ಲೇಹದಲ್ಲೇ ಇದ್ದವರು ಸೋನಮ್ ನೊರ್ಬೂ ಸ್ಮಾರಕ ಆಸ್ಪತ್ರೆಗೆ ಹೋಗಬೇಕು. ಕಷ್ಟವೇನೆಂದರೆ, ತಂಡದಲ್ಲಿ ಹೋದವರು ತಲೆನೋವನ್ನು ಮುಚ್ಚಿಡುತ್ತಾರೆ. ತನ್ನಿಂದಾಗಿ ಗೆಳೆಯರ ಹಿಮಚಿರತೆ ತಪ್ಪಿಹೋಯಿತೆಂಬ ಮಾತು ಬರಬಾರದೆಂಬ ಸಂಕೋಚ! ಕುರ್ಲಾದಲ್ಲಿ ಚಹ ಕುಡಿಯುತ್ತ ಯೋಜನೆ ಹಾಕುವಾಗಲೇ, ಒಬ್ಬನಿಗೆ ಕಾಯಿಲೆಯಾದರೆ ಅವನೊಡನೆ ಯಾರು ಇಳಿಯುವರೆಂಬುದನ್ನು ಹೆಸರು ಹಿಡಿದು ನಿಶ್ಚಯಿಸಿಬಿಟ್ಟರೆ ಆ ಸಂಕೋಚ ಅರ್ಧ ಕಳೆಯುತ್ತದೆ.

ಅಸೆಟಜೋಲಮೈಡ್ ಎಂಬ ಗುಳಿಗೆ ಹೊಂದಿಕೆಯನ್ನು ಚುರುಕುಗೊಳಿಸುವುದು ನಿಜ. ಬೆರಳು ಜುಮುಗುಟ್ಟುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು ಅದರ ಗುಣ. ಸಲ್ಫಾ ಔಷಧಿ ಒಗ್ಗದವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಅದು ಅವಸರಕ್ಕೆ ಕೊಟ್ಟ ಪರವಾನಗಿಯಲ್ಲ. ಹೃದ್ರೋಗ, ಉಬ್ಬಸ, ರಕ್ತದೊತ್ತಡವುಳ್ಳವರು ಮತ್ತು ಗರ್ಭಿಣಿಯರು ಟಿಕೆಟ್ ಕೊಳ್ಳುವ ಮುನ್ನವೇ ವೈದ್ಯರನ್ನು ಕಾಣಬೇಕು. ಮದ್ಯ ಹಾಗೂ ನಿದ್ದೆಗುಳಿಗೆಗಳನ್ನು ಮೊದಲ ದಿನಗಳಲ್ಲಿ ಮುಟ್ಟಲೇಬಾರದು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿ ಮಲಗುವುದು ಪ್ರಾಣಾಂತಿಕ. ಅದರ ವಿಷಾನಿಲದಿಂದ ಬರುವ ತಲೆನೋವು ಪರ್ವತವ್ಯಾಧಿಯಂತೆಯೇ ತೋರಿ ಮೋಸಗೊಳಿಸುತ್ತದೆ.

ಮಾಗಿಯಲ್ಲಿ ಲೇಹದ ರಾತ್ರಿಯ ಉಷ್ಣತೆ ಸೊನ್ನೆಗಿಂತ ಹದಿನೈದು ಇಪ್ಪತ್ತು ಡಿಗ್ರಿ ಕೆಳಗೆ ಇಳಿಯುವುದುಂಟು. ಬ್ಯಾಟರಿಗಳು ಆ ಚಳಿಯಲ್ಲಿ ಬಹು ಬೇಗ ಸೋಲುತ್ತವೆ. ಅವನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಳ್ಳಬೇಕು. ಮಧುಮೇಹಿಗಳ ಇನ್ಸುಲಿನ್ನಿಗೂ ಅದೇ ಜೇಬು, ಏಕೆಂದರೆ ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ನಿರುಪಯೋಗಿ. ಲೋಹದ ಮುಕ್ಕಾಲಿಯನ್ನು ಬರಿಗೈಯಿಂದ ಹಿಡಿಯಬಾರದು. ಗುಂಡಿ ಒತ್ತಲು ತೆಳು ಕೈಗವಸು, ಅದರ ಮೇಲೆ ದಪ್ಪದ್ದು ಇರಲಿ. ಹಿಮಚಿರತೆಗಾಗಿ ಗಂಟೆಗಟ್ಟಲೆ ಅಲುಗಾಡದೆ ಕುಳಿತವರ ಕಾಲ್ಬೆರಳು ಮರಗಟ್ಟಿ ಬೆಳ್ಳಗಾದರೆ ಉಜ್ಜಬಾರದು. ಮತ್ತೆ ಚಳಿಗೆ ಒಡ್ಡಬೇಕಾಗದ ಸ್ಥಳಕ್ಕೆ ಹೋಗಿ ಬೆಚ್ಚನೆಯ ನೀರಿನಲ್ಲಿಡಬೇಕು. ಬಿಸಿನೀರಿನಲ್ಲಲ್ಲ, ಬೆಂಕಿಯ ಮುಂದೆಯೂ ಅಲ್ಲ. ಹಿಮದ ಬೆಳಕು ಕಣ್ಣನ್ನು ಸುಡುತ್ತದೆ, ಕಪ್ಪು ಕನ್ನಡಕ ಬೇಕು. ಅದೇ ಬೆಳಕು ಕ್ಯಾಮೆರಾದ ಅಳತೆಯನ್ನೂ ವಂಚಿಸಿ ಬಿಳಿಯ ಹಿಮವನ್ನು ಬೂದಿಯಾಗಿಸುವುದರಿಂದ, ಅದು ತೋರಿಸಿದ್ದಕ್ಕಿಂತ ಒಂದು ಒಂದೂವರೆ ಸ್ಟಾಪ್ ಹೆಚ್ಚು ಬೆಳಕು ಕೊಡಬೇಕು.

ಗಡಿಯ ಸಮೀಪದ ಪ್ಯಾಂಗಾಂಗ್, ಹಾನ್ಲೆಗಳಿಗೆ ಹೋಗುವ ನಿಯಮಗಳು ಆಗಾಗ ಬದಲಾಗುವುದರಿಂದ ಲೇಹದ ಜಿಲ್ಲಾಡಳಿತದಲ್ಲಿ ವಿಚಾರಿಸಿಕೊಂಡೇ ಮುಂದುವರಿಯಬೇಕು. ಹವೆ ಕೆಟ್ಟರೆ ಲೇಹದ ವಿಮಾನಗಳು ರದ್ದಾಗುತ್ತವೆ. ಮರಳುವ ದಿನಕ್ಕೆ ಹಿಂದೆ ಎರಡು ದಿನ ಬಿಡುವಿರಲಿ, ಮನೆಯಲ್ಲೂ ಹಾಗೆಂದೇ ಹೇಳಿ ಹೋಗಿರಲಿ.

ಚಳಿಯಿಂದ ಬೆಚ್ಚನೆಯ ಕೋಣೆಗೆ ಬರುವಾಗ ಕ್ಯಾಮೆರಾವನ್ನು ಬಾಗಿಲ ಹೊರಗೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಅದು ಬಿಸಿಯಾಗುವವರೆಗೆ ಬಿಚ್ಚದೆ ಇಟ್ಟರೆ ಮಸೂರದೊಳಗೆ ಹನಿಗಟ್ಟದು. ವಿಮಾನದಿಂದಿಳಿದು ಕುರ್ಲಾದ ಮನೆಗೆ ಬಂದ ರಾತ್ರಿಯೂ ಹೀಗೆಯೇ ಮಾಡತಕ್ಕದ್ದು. ಮಕ್ಕಳು ಚಿತ್ರಗಳನ್ನು ತೋರಿಸೆಂದು ಎಷ್ಟೇ ಕಾಡಿದರೂ ಚೀಲ ಬೆಳಗಿನವರೆಗೆ ಮುಚ್ಚಿರಲಿ. ಬೂಷ್ಟು ಹಿಡಿದ ಮಸೂರಗಳಲ್ಲಿ ಬಹಳಷ್ಟು ಕೆಟ್ಟದ್ದು ಹಿಮದಲ್ಲಲ್ಲ, ಮುಂಬಯಿಯ ಕಪಾಟಿನಲ್ಲಿ.